ಏಳನೆಯ ಹಾಡಿನ ಅಣ್ಣ

ನಮ್ಮ ಬನಹಟ್ಟಿಯಲ್ಲಿ ಒಂದು ಹಾಡಿನ ಹಣೆಬರಹ ಬರೆಯುವುದು ಪವರ್‌ಲೂಮು. ಮಗ್ಗದ ಸದ್ದನ್ನು ದಾಟಿ ಬಂದು ಕಿವಿಗೆ ಬಿದ್ದರೆ ಛಲೋ ಹಾಡು, ಸದ್ದಿನಲ್ಲೇ ಮುಳುಗಿ ಹೋದರೆ ಸಪ್ಪನೆಯ ಹಾಡು. ನಮ್ಮ ಮನೆಯ ಮುಂದಿನ ಪಡಸಾಲೆಯಲ್ಲಿ ನಾಲ್ಕು ಮಗ್ಗ, ಹಿಂದೆ ಅಡುಗೆಮನೆ, ಎರಡರ ನಡುವಿನ ಗೋಡೆಗೆ ಆತುಕೊಂಡು ನನ್ನ ಕಂಡಿಕೆ ಸುತ್ತುವ ಯಂತ್ರ. ಮಗ್ಗದ ಲಾಳಿಗೆ ಬೇಕಾದ ನೂಲನ್ನು ಸಣ್ಣ ಕಂಡಿಕೆಗಳಿಗೆ ಸುತ್ತಿ ಕೊಡುವುದು ನನ್ನ ಕೆಲಸ. ಮುಧೋಳದಿಂದ ಸೊಸೆಯಾಗಿ ಬಂದ ಮರುವಾರ ಅದರ ಮುಂದೆ ಕೂತವಳು, ಹನ್ನೊಂದು ವರ್ಷವಾದರೂ ಎದ್ದಿಲ್ಲ. ಎದ್ದರೆ ರೊಟ್ಟಿ ಬಡಿಯಲು, ಇಲ್ಲವೇ ಅತ್ತೆಗೆ ಗುಳಿಗೆ ಕೊಡಲು.

ನನ್ನ ಗಂಡನಿಗೆ ಒಬ್ಬ ಹಾಡುಗಾರ್ತಿಯ ಹುಚ್ಚು. ಈಗಿನ ಕಾಲದವಳು, ನಮ್ಮ ಕಡೆಯ ಮಾತಿನಲ್ಲೇ ಹಾಡುತ್ತಾಳೆ, ಗಿಟಾರು ಹಿಡಿದು ಕುಣಿಯುತ್ತಾಳೆ. ಅಭಿಮಾನಿಗಳೆಲ್ಲ ಅವಳನ್ನು ಅಕ್ಕ ಎನ್ನುತ್ತಾರೆ. ಹೊಸ ಆಲ್ಬಮ್ಮಿನಲ್ಲಿ ಒಂಬತ್ತು ಹಾಡು. ಎರಡನೆಯದು ಮತ್ತು ನಾಲ್ಕನೆಯದು ಜಮಖಂಡಿಯ ಕಬ್ಬಿನ ಟ್ರ್ಯಾಕ್ಟರಿನಿಂದ ಹಿಡಿದು ಬೀಳಗಿಯ ಚಹಾದಂಗಡಿಯವರೆಗೆ ಎಲ್ಲ ಕಡೆ ಬಡಿದುಕೊಳ್ಳುತ್ತಿದ್ದವು. ಏಳನೆಯದನ್ನು ಕೇಳಿದವರೇ ಇಲ್ಲ. ನಾನು ಕೇಳಿದ್ದು ಒಂದು ಮಧ್ಯಾಹ್ನ ಕರೆಂಟು ಹೋದಾಗ. ಮಗ್ಗ ನಿಂತವು, ಗಂಡನ ಫೋನು ಮಾತ್ರ ತನ್ನ ಪಾಡಿಗೆ ಹಾಡುತ್ತಿತ್ತು. ಬರೀ ಹಾರ್ಮೋನಿಯಂ, ಮತ್ತೆ ಅವಳ ದನಿ. ತವರಿಗೆ ಹೋಗುವ ಬಸ್ಸಿಗೆ ಕಾಯುತ್ತ ನಿಂತವಳ ಹಾಡು. ಎರಡನೆಯ ನುಡಿಗೆ ಮುಂಚೆ ಅವಳು ಉಸಿರು ಎಳೆದುಕೊಂಡದ್ದು ಸಹ ಕೇಳಿಸುತ್ತದೆ. ನನ್ನ ಕೈ ನೂಲಿನ ಮೇಲೆ ಹಾಗೇ ನಿಂತಿತು, ಕಣ್ಣು ತುಂಬಿದವು. ಅಷ್ಟರಲ್ಲಿ ಕರೆಂಟು ಬಂತು.

ಅಕ್ಕನ ಅಭಿಮಾನಿಗಳದ್ದು ಫೋನಿನಲ್ಲಿ ಒಂದು ಗ್ರೂಪ್ ಇತ್ತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರು, ಎಲ್ಲರೂ ಗಂಡಸರೇ. ನಡೆಸುವವನು ಮುಧೋಳದ ಒಬ್ಬ ಟೇಲರ್. ಯಾವ ಹಾಡು ಮೇಲು, ಯಾವುದು ಕೀಳು, ಯಾವುದನ್ನು ಮೊದಲಿಗೆ ಇಡಬೇಕಿತ್ತು, ಯಾವುದನ್ನು ಬಿಡಬೇಕಿತ್ತು ಎಂದು ದಿನವಿಡೀ ಜಗಳ. ಗಂಡ ಊಟಕ್ಕೆ ಕೂತಾಗ ಅದನ್ನೆಲ್ಲ ಓದಿ ಹೇಳುತ್ತಿದ್ದರು.

‘ಏಳನೇ ಹಾಡ ತಗದ ಒಗೀಬೇಕಿತ್ತು ಅಂತ ಬರದೇನಿ ನೋಡು,’ ಎಂದರು ಒಂದು ದಿನ.

‘ಯಾಕ್ರಿ, ಅದ ಛಲೋ ಐತಲ್ಲ,’ ಎಂದೆ.

‘ನಿನಗೇನ ತಿಳೀತೈತಿ ಹಾಡಿಂದು. ಸಾರ ಹಾಕು.’

ಸಾರು ಹಾಕಿದೆ. ಮೈಯೆಲ್ಲ ಉರಿಯಿತು. ಸಾಲಿ ಕಲಿಯುವಾಗ ದಿನಾ ಪ್ರಾರ್ಥನೆ ಹೇಳಿಕೊಡುತ್ತಿದ್ದವಳು ನಾನು. ಈ ಮಹಾರಾಯರಿಗೆ ಜೋಗುಳಕ್ಕೂ ಭಜನೆಗೂ ಫರಕು ಗೊತ್ತಿಲ್ಲ. ಆದರೆ ಮನೆಯಲ್ಲಿ ಹಾಡಿನ ತೀರ್ಪು ಅವರದೇ, ಏಕೆಂದರೆ ಫೋನಿನಲ್ಲಿ ಜಗಳಾಡಲು ಅವರಿಗೆ ನೂರು ಜನ ಇದ್ದಾರೆ.

ನನ್ನ ಫೋನು ನನ್ನ ತಮ್ಮ ಬಳಸಿ ಬಿಟ್ಟದ್ದು. ಅವನು ಯಾವಾಗಲೋ ಪರವೂರಿನಲ್ಲಿ ತಗೊಂಡ ಒಂದು ಸಿಮ್ಮು ನನ್ನ ಸಿಮ್ಮಿನ ಪಕ್ಕದಲ್ಲೇ ಉಳಿದಿತ್ತು. ಆ ನಂಬರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಂಡನ ಫೋನಿನಿಂದ ಗ್ರೂಪಿನ ಲಿಂಕು ತಗೊಂಡು ಆ ನಂಬರಿನಿಂದ ಸೇರಿಕೊಂಡೆ, ಹೆಸರಿನ ಜಾಗದಲ್ಲಿ ಬನಹಟ್ಟಿ ಎಂದಷ್ಟೇ ಹಾಕಿದೆ. ಗಂಡಸು ಎಂದು ನಾನೇನೂ ಬರೆಯಲಿಲ್ಲ. ಹೆಂಗಸು ಎಂದೂ ಬರೆಯಲಿಲ್ಲ. ಅವರೇ ನನ್ನನ್ನು ಅಣ್ಣ ಮಾಡಿಕೊಂಡರು.

‘ಏಳನೇ ಹಾಡ ಮಗ್ಗ ಬಂದ್ ಮಾಡಿ ಕೇಳ್ರಿ, ಆಮ್ಯಾಲ ಮಾತಾಡ್ರಿ,’ ಎಂದು ಬರೆದದ್ದು ನನ್ನ ಮೊದಲ ಮಾತು. ಗಲಗಲಿಯ ಒಬ್ಬ ರೈತ ತಕ್ಷಣ ಬರೆದ: ‘ಖರೆ ಐತ್ರಿ ಅಣ್ಣಾ. ಹೊಳಿ ದಂಡಿಗೆ ಕುಂತ ಕೇಳೇನಿ, ಜೀವ ಹಿಂಡತೈತಿ.’ ಗೋಡೆಯ ಆಚೆಯಿಂದ ನನ್ನ ಗಂಡ ಬರೆದರು: ‘ಏಳನೇ ನಂಬರ ಅಂದ್ರ ಮನಿ ಮೂಲಿ ಇದ್ದಂಗ. ಬ್ಯಾಡಾದದ್ದ ತುರಕೂ ಜಾಗಾ.’

ಗೋಡೆಯ ಈಚೆಯಿಂದ ನಾನು ಬರೆದೆ: ‘ಉಣ್ಣಾಕ ಕುಂತಾಂವ ಮೊದಲ ಮಜ್ಜಿಗಿ ಕುಡಿತಾನೇನ್ರಿ? ಆರ ಹಾಡಿನ ಖಾರ ಉಂಡ ಮ್ಯಾಲ ಏಳನೇದ ಬರತೈತಿ. ಆಕಿ ತಿಳದ ಇಟ್ಟಾಳ.’

ಅಂದು ಮಜ್ಜಿಗೆ ಕುಡಿಯುವಾಗ ಗಂಡ ನಕ್ಕರು. ‘ಗ್ರೂಪಿನ್ಯಾಗ ನಮ್ಮೂರಾವ ಒಬ್ಬ ಬಂದಾನ. ಎಂಥಾ ಮಾತ ಬರದಾನ ಕೇಳಿಲ್ಲೆ,’ ಎಂದು ನನ್ನ ಮಾತನ್ನು ನನಗೇ ಓದಿದರು. ‘ಸಾಲಿ ಮಾಸ್ತರ ಇರಬೇಕ.’

‘ನಾನೂ ಅದನ್ನ ಅಂದಿದ್ನಲ್ಲರಿ.’

‘ನೀ ಛಲೋ ಐತಿ ಅಂದಿ. ಅಂವ ಯಾಕ ಛಲೋ ಐತಿ ಅಂತ ಹೇಳ್ಯಾನ.’

ಯಾಕೆ ಎಂದು ನನ್ನನ್ನು ಯಾರು ಕೇಳಿದ್ದರು? ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ. ತಾಟು ಎತ್ತಿಕೊಂಡು ಒಳಗೆ ಹೋದೆ. ಸಿಟ್ಟಿನ ಜೊತೆಗೇ ಒಂದು ಖುಷಿಯೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಮಾತು ಈ ಮನೆಯ ಊಟದ ಹೊತ್ತಿಗೆ ಮೊದಲ ಸಲ ಮೆಚ್ಚುಗೆ ಪಡೆದಿತ್ತು.

ಎರಡು ತಿಂಗಳು ಹೀಗೇ ನಡೆಯಿತು. ನಾನು ಬರೆಯುವುದು, ಅವರು ಓದಿ ಹೇಳುವುದು, ನಾನು ಮೊದಲ ಸಲ ಕೇಳಿದಂತೆ ಹೂಂಗುಡುವುದು. ಒಂದೆರಡು ಸಲ ಅವರು ಆ ನಂಬರಿಗೆ ಫೋನು ಮಾಡಲು ನೋಡಿದರು. ‘ಮಗ್ಗದಾಗ ಇರತೇನ್ರಿ, ಕೇಳಂಗಿಲ್ಲ, ಬರೀರಿ,’ ಎಂದು ಕಳಿಸಿದೆ. ನಮ್ಮೂರಲ್ಲಿ ಅದಕ್ಕಿಂತ ನಂಬುವಂಥ ನೆಪ ಇಲ್ಲ. ಆದರೆ ಬರಬರುತ್ತ ಇದು ನನಗೇ ಕಗ್ಗಂಟಾಯಿತು. ಹೇಳೋಣ ಎಂದರೆ, ಇಷ್ಟು ದಿನ ಗಂಡನನ್ನು ಮಂಗ ಮಾಡಿದವಳು ಎಂಬ ಮಾತು ಬರುತ್ತದೆ. ಬಿಡೋಣ ಎಂದರೆ, ಮತ್ತೆ ಸಾರು ಹಾಕುವವಳಾಗಿ ಉಳಿಯುತ್ತೇನೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಗತಿ, ನುಂಗಲೂ ಆಗದು ಉಗುಳಲೂ ಆಗದು.

ಅಷ್ಟರಲ್ಲಿ ಅಕ್ಕನ ಕಾರ್ಯಕ್ರಮ ಜಮಖಂಡಿಯಲ್ಲಿ ಗೊತ್ತಾಯಿತು. ಯಾವ ಐದು ಹಾಡು ತಪ್ಪದೆ ಹಾಡಬೇಕು ಎಂದು ಏರ್ಪಾಡು ಮಾಡಿದವರು ಗ್ರೂಪಿಗೇ ಕೇಳಿದರು. ನಾಲ್ಕು ಬೇಗ ತೀರ್ಮಾನವಾದವು. ಐದನೆಯದಕ್ಕೆ ಕುಸ್ತಿ. ಏಳನೆಯ ಹಾಡಿನ ಪರವಾಗಿ ಎಲ್ಲರಿಗಿಂತ ಜೋರಾಗಿ ನಿಂತವರು, ನಂಬಿದರೆ ನಂಬಿ, ನನ್ನ ಗಂಡ. ಮಜ್ಜಿಗೆಯ ಮಾತನ್ನು ಮುಂದಿಟ್ಟುಕೊಂಡೇ ವಾದ ಮಾಡಿದರು. ಟೇಲರ್ ಕೊನೆಗೆ ‘ಆತು, ಏಳನೇದ ಇರಲಿ,’ ಎಂದು ಮುಗಿಸಿದ. ಗಂಡ ಆ ಖುಷಿಯಲ್ಲಿ ಬನಹಟ್ಟಿಯ ಅಣ್ಣನಿಗೆ ಬೇರೆಯಾಗಿ ಬರೆದರು: ‘ಅಣ್ಣಾರ, ಅಮಾಸಿ ದಿನಾ ಮಗ್ಗ ಬಂದ್ ಇರತಾವ. ಮಧ್ಯಾನ್ನ ನಮ್ಮ ಮನಿಗೆ ಊಟಕ್ಕ ಬರ್ರಿ. ಹೋಳಿಗಿ ಮಾಡಸ್ತೇನಿ. ಇಲ್ಲ ಅನಬ್ಯಾಡ್ರಿ.’

ಬರ್ರಿ, ಅನಬ್ಯಾಡ್ರಿ. ಅದನ್ನು ಎಷ್ಟು ಸಲ ಓದಿದೆನೋ. ಹನ್ನೊಂದು ವರ್ಷದಲ್ಲಿ ಅವರು ನನಗೆ ಒಂದು ‘ರಿ’ ಹಚ್ಚಿ ಮಾತಾಡಿದವರಲ್ಲ, ನಾನೂ ಅದನ್ನು ಬಯಸಿದವಳಲ್ಲ. ಅಂದು ಬಯಸಿದೆ. ಬರಲಾಗುವುದಿಲ್ಲ ಎಂದು ಬರೆಯಲು ಹೋದ ಕೈ ‘ನೋಡೋಣ್ರಿ’ ಎಂದು ಬರೆದುಬಿಟ್ಟಿತು. ನಮ್ಮ ಕಡೆ ನೋಡೋಣ ಎಂದರೆ ಬರುತ್ತೇನೆ ಎಂದೇ ಲೆಕ್ಕ.

ಅಮಾವಾಸ್ಯೆಯ ದಿನ ಬೆಳಿಗ್ಗೆಯಿಂದ ನನಗೆ ನಾನೇ ಅಡುಗೆ ಮಾಡಿದೆ. ಹೋಳಿಗೆ, ಕಟ್ಟಿನ ಸಾರು, ಎಣ್ಣಿಗಾಯಿ, ಶೇಂಗಾ ಹಿಂಡಿ, ತೆಳ್ಳಗಿನ ರೊಟ್ಟಿ. ಗಂಡ ಮಗ್ಗದ ಮೇಲಿನ ಅರಳೆ ಝಾಡಿಸಿ, ಪಡಸಾಲೆ ಗುಡಿಸಿ, ಒಗೆದ ಅಂಗಿ ಹಾಕಿಕೊಂಡರು. ಎರಡು ಮಣೆ, ಎರಡು ತಾಟು. ಹೊಸ ತಾಟು ಬರುವವನಿಗೆ. ಒಂದು ಗಂಟೆ ಆಯಿತು, ಎರಡಾಯಿತು. ಬಾಗಿಲಿಗೆ ಹೋಗಿ ಓಣಿಯ ಉದ್ದಕ್ಕೂ ನೋಡಿ ಬರುತ್ತಿದ್ದರು. ಎಲ್ಲಿದ್ದೀರಿ ಅಣ್ಣಾರ ಎಂದು ಅವರು ಕಳಿಸಿದ್ದು ನನ್ನ ಸೊಂಟದಲ್ಲಿ ಸಿಕ್ಕಿಸಿದ್ದ ಫೋನಿನಲ್ಲಿ ಸದ್ದಿಲ್ಲದೆ ನಡುಗುತ್ತಿತ್ತು. ಮೂರು ಗಂಟೆಗೆ ಅವರ ಮುಖ ಸಣ್ಣದಾಯಿತು. ಅದನ್ನು ನೋಡಲು ನನ್ನ ಕೈಯಲ್ಲಿ ಆಗಲಿಲ್ಲ.

ಕೈ ಒರೆಸಿಕೊಂಡು ಬಂದು ಹೊಸ ತಾಟಿನ ಮುಂದಿನ ಮಣೆಯ ಮೇಲೆ ಕೂತೆ.

‘ಏನ ಇದು? ಅಂವ ಬಂದ್ರ?’ ಎಂದರು.

‘ಬಂದಾನ್ರಿ,’ ಎಂದು ಫೋನು ಅವರ ಮುಂದೆ ಇಟ್ಟೆ.

ಅವರು ಓದಿದರು. ಬೆರಳಿನಿಂದ ಮೇಲೆ ಸರಿಸಿದರು, ಕೆಳಗೆ ಸರಿಸಿದರು, ಮಜ್ಜಿಗೆಯ ಮಾತಿನ ಹತ್ತಿರ ನಿಂತರು. ಬೈದರೆ ಬೈಯಲಿ, ಒಂದು ಸಲ, ಒಂದೇ ಸಲ, ‘ನೀನ ಬರದೀಯೇನ’ ಎಂದು ಕೇಳಲಿ ಎಂದುಕೊಂಡೆ. ಅವರು ಕೇಳಿದ್ದು ಬೇರೆ.

‘ಇದು ಯಾರ‍್ಯಾರಿಗೆ ಗೊತ್ತೈತಿ?’

‘ಯಾರಿಗೂ ಇಲ್ಲರಿ.’

ಒಳಕೋಣೆಯಿಂದ ಅತ್ತೆ ಕೂಗಿ ಕೇಳಿದರು, ‘ಊಟಕ್ಕ ಕರದಾಂವ ಬಂದ್ನೇನಪಾ?’

‘ಬರಂಗಿಲ್ಲ ಬೇ ಯವ್ವಾ, ಅಂವಗ ಕೆಲಸ ಬಂದೈತಂತ,’ ಎಂದರು. ನನ್ನ ಕಡೆ ನೋಡದೆ ‘ಉಣ್ಣು, ಆರತೈತಿ,’ ಎಂದರು. ಇಬ್ಬರೂ ಎದುರುಬದರು ಕೂತು ಉಂಡೆವು. ಹೋಳಿಗೆ ಚೆನ್ನಾಗಿತ್ತು.

ಕೈ ತೊಳೆದ ಮೇಲೆ ಅವರು ಬಹಳ ಸಮಾಧಾನದಿಂದ ಮಾತಾಡಿದರು. ಸಿಟ್ಟು ಮಾಡಿದ್ದರೆ ಜಗಳ ಆಡಬಹುದಿತ್ತು. ‘ಗಂಡಸರ ಗ್ರೂಪು. ನೀ ಹೆಣಮಗಳ ಅಂತ ಗೊತ್ತಾತಂದ್ರ ನಿನ್ನ ನಂಬರಿಗೆ ಏನೇನ ಕಳಸತಾರ ಗೊತ್ತೈತೇನ? ನನಗ ಚಹಾದಂಗಡ್ಯಾಗ ಮಾರಿ ತೋರ್ಸಾಕ ಬರತೈತೇನ?’ ಮೊದಲನೆಯ ಮಾತು ಖರೆ ಇತ್ತು. ಖರೆ ಇದ್ದದ್ದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು, ಅದನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ. ನನ್ನ ಫೋನು ತಗೊಂಡು ನನ್ನ ಪರವಾಗಿ ಅವರೇ ಗ್ರೂಪಿಗೆ ಬರೆದರು: ‘ಎಲ್ಲಾರಿಗೂ ಶರಣ್ರಿ. ಕೆಲಸದ ಸಲುವಾಗಿ ಊರ ಬಿಡಾಕತ್ತೇನಿ. ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ.’ ಆಮೇಲೆ ಸಿಮ್ಮು ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡರು. ತಪ್ಪಾಗಿದ್ರ ಎಂಬುದನ್ನು ನಾನಾದರೆ ಬರೆಯುತ್ತಿರಲಿಲ್ಲ.

ಜಮಖಂಡಿಗೆ ಹೋಗುವ ದಿನ ನಾನೂ ಬರುತ್ತೇನೆ ಎಂದೆ. ‘ಗದ್ದಲ ಇರತೈತಿ. ಅವ್ವನ ಯಾರ ನೋಡ್ಕೋಬೇಕ?’ ಎಂದು ಟೇಲರನ ಜೊತೆಗೆ ಹೋದರು. ಮರುದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುವಾಗ ಅಡುಗೆಮನೆಗೆ ಬಂದು ನಿಂತರು. ಹಾಗೆ ಬಂದು ನಿಲ್ಲುವವರಲ್ಲ. ‘ನೋಡು, ನಿನ್ನ ಹಾಡ ಹಾಡ್ಯಾಳ,’ ಎಂದು ಫೋನು ಹಿಡಿದರು. ಅವರ ಮುಖದಲ್ಲಿ ನಿಜವಾದ ಖುಷಿ ಇತ್ತು, ನನಗಾಗಿಯೇ ರೆಕಾರ್ಡು ಮಾಡಿಕೊಂಡು ಬಂದಿದ್ದರು. ದೂರದಲ್ಲಿ ಬೆಳಕಿನ ಕೆಳಗೆ ಅಕ್ಕ ಸಣ್ಣಗೆ ಕಾಣುತ್ತಿದ್ದಳು. ಟೇಲರ್ ಹೇಳಿ ಕಳಿಸಿದ್ದನೇನೋ, ಊರು ಬಿಟ್ಟು ಹೋದ ಬನಹಟ್ಟಿಯ ಅಣ್ಣನಿಗೆ ಈ ಹಾಡು ಎಂದಳು. ಜನ ಚಪ್ಪಾಳೆ ಹೊಡೆದರು. ಹಾಡಿದಳು. ಎಲ್ಲಿ ಉಸಿರು ಎಳೆದುಕೊಂಡಳೋ ಗದ್ದಲದಲ್ಲಿ ತಿಳಿಯಲಿಲ್ಲ.

‘ಮಂದಿ ಎಲ್ಲಾ ನನ್ನ ಕೇಳಾಕತ್ತಿದ್ರು,’ ಎಂದರು ಗಂಡ. ‘ಅಂಥಾ ತಿಳವಳಿಕಿ ಇದ್ದಾಂವ ಎಲ್ಲಿಗೆ ಹೋದ ಅಂತ.’

‘ಏನ ಹೇಳಿದ್ರಿ?’

‘ಇಚಲಕರಂಜಿಗೆ ಹೋದ, ಅಲ್ಲೆ ಮಗ್ಗದ ಕೆಲಸ ಸಿಕ್ಕೈತಿ ಅಂದೆ.’

ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಕೇಳಿದೆ, ‘ಮತ್ತ ಯಾವಾಗ ಬರತಾನಂತ?’

ಅವರು ನಗಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿದರು, ನಿಜವಾಗಿ ಇದ್ದವನೊಬ್ಬನ ಸುದ್ದಿ ನೆನಪು ಮಾಡಿಕೊಳ್ಳುವ ಹಾಗೆ.

‘ಇಲ್ಲ,’ ಎಂದರು, ‘ಅಲ್ಲೇ ಮನಿ ಮಾಡ್ಯಾನ.’