ಅಂಚು ಕಲಸಿದ ಚೌಕಗಳು

ಕಣ್ಣಳತೆಯಲ್ಲೇ ಬಣ್ಣ ಕೂಡಿಸುತ್ತಾನೆಂದು ಹೆಸರು ಮಾಡಿದ್ದ ಅಚ್ಚುಕೂಟದ ಹಳೆಯ ಮಷಿನ್‌ಮ್ಯಾನ್‌ಗೆ, ನವ್ಯಕಲೆಯ ಪೋಸ್ಟ್‌ಕಾರ್ಡ್ ಅಚ್ಚು ಹಾಕುವುದೆಂದರೆ ಮೈ ಉರಿಯುತ್ತಿತ್ತು. ಮರವಲ್ಲ, ಮುಖವಲ್ಲ, ಬರೀ ಬಣ್ಣದ ಚೌಕಗಳು. ಅವುಗಳ ಅಂಚೂ ಕಲಸಿಕೊಂಡಿತ್ತು. ಅಚ್ಚು ಜಾರಿದೆಯೇನೋ ಎಂದು ಬೆಳಗಿನಿಂದ ಯಂತ್ರದ ತಿರುಪು ತಿರುಗಿಸಿ ಸೋತು, ಕೊನೆಗೆ ತಪ್ಪನ್ನು ಕಲಾವಿದನ ತಲೆಗೇ ಕಟ್ಟಿ, ಒಂದು ಕಾರ್ಡನ್ನು ಮನೆಗೆ ತಂದ.

"ನೋಡೇ, ಕುಂಚ ಹಿಡಿಯೋಕೂ ಬರದ ಪುಣ್ಯಾತ್ಮನಿಗೆ ಎಂಥ ಮರ್ಯಾದೆ."

ಹೆಂಡತಿ ಕಾರ್ಡನ್ನು ದೀಪದ ಹತ್ತಿರ ಹಿಡಿದಳು. "ಯಾಕ್ರೀ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆಯಲ್ಲ. ಒಂದು ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ."

ಅವನು ಕಾರ್ಡಿನಿಂದ ಕಣ್ಣೆತ್ತಿ ಅವಳನ್ನು ನೋಡಿದ. ಕೆಲವು ತಿಂಗಳಿಂದ ಅವಳ ಮುಖದ ಅಂಚೂ ಹೀಗೆಯೇ ಕಲಸಿಕೊಂಡು ಕಾಣುತ್ತಿತ್ತು. ಅದಕ್ಕೆ ಇಷ್ಟು ದಿನ ದೀಪವನ್ನು ಬೈಯುತ್ತಿದ್ದ.