ನವ್ರೂಜ್‌ನಿಂದ ಎಣಿಸಿದ ನೀರು

ನಮ್ಮ ಕೋಕ್‌ಜಾಪ್ ಕಾಲುವೆಯ ಕಟ್ಟಕಡೆಯ ಊರು ಕುಮ್‌ಅವುಲ್. ಬೀಬಿಸಾರಾ ಆ ಊರಿನ ಮಗಳು. ಮೇಲಿನ ಊರಿನವರು ಬಿಟ್ಟು ಉಳಿದದ್ದನ್ನು ಕುಡಿದು ಬೆಳೆದವಳು. ಕಾಲುವೆ ಕಚೇರಿಯಲ್ಲಿ ಕೆಲಸ ಸಿಕ್ಕಿದ್ದೇ ಆ ಅನ್ಯಾಯದ ಬೆನ್ನು ಹತ್ತಿದಳು. ಯಾವ ಊರಿಗೆ ಎಷ್ಟು ನೀರು ಬಿಟ್ಟೆವೆಂದು ತೂಬು ಕಾಯುವ ನಾವು ದಿನವೂ ತಿಳಿಸುತ್ತಿದ್ದೆವು. ಅವಳು ಕಂಪ್ಯೂಟರಿನಲ್ಲಿ ಆ ದಿನದ ನೀರಿನ ಪಕ್ಕದಲ್ಲೇ, ಮೊದಲ ದಿನದಿಂದ ಅಂದಿನವರೆಗೆ ಹರಿದ ಒಟ್ಟು ನೀರೂ ಕೂಡಿಕೊಳ್ಳುತ್ತ ಹೋಗುವಂತೆ ಮಾಡಿದಳು. ಮೊತ್ತ ಊರಿಗೆ ಗೊತ್ತುಮಾಡಿದ ಬೆಳೆಯ ಪಾಲನ್ನು ಮುಟ್ಟಿದರೆ ಆ ಊರಿನ ಹೆಸರು ಕೆಂಪಾಗುತ್ತಿತ್ತು. ಕೆಂಪಾದರೆ ತೂಬು ಬಂದ್. ಯಾರ ಮಾತಿಗೂ ಬಗ್ಗದ ಮೇಲಿನವರು ಆ ಕೆಂಪಿಗೆ ಬಗ್ಗಿದರು.

ಎಣಿಕೆಯ ಮೊದಲ ದಿನವೆಂದು ಅವಳು ವಸಂತದ ನವ್ರೂಜ್ ಹಬ್ಬವನ್ನು ಹಾಕಿದ್ದಳು. ನಮ್ಮಲ್ಲಿ ಯಾರನ್ನು ಕೇಳಿದರೂ ವರ್ಷ ಹುಟ್ಟುವುದು ಅಂದೇ. ಬಿತ್ತುವ ಮುಂಚೆ ಹೊಲದ ಮಣ್ಣಿನ ಉಪ್ಪು ತೊಳೆಯಲು ಬಿಡುವ ನೀರು ಅಷ್ಟರೊಳಗೆ ಹರಿದು ಮುಗಿದಿರುತ್ತದೆ. ಅದನ್ನು ಬೆಳೆಯ ಪಾಲಿಗೆ ಯಾರೂ ಹಿಡಿಯುವುದಿಲ್ಲ.

ಆ ವರ್ಷ ನದಿ ತಡವಾಗಿ ತುಂಬಿತು. ಮೇಲಿನ ಊರುಗಳು ಹೇಗೋ ಹಬ್ಬಕ್ಕೆ ಮುಂಚೆ ಉಪ್ಪು ತೊಳೆದುಕೊಂಡವು. ಕುಮ್‌ಅವುಲ್‌ನ ಸರದಿ ಬಂದದ್ದು ಹಬ್ಬದ ಗಂಜಿಯ ಕಡಾಯಿ ತೊಳೆದು ಕವುಚಿಟ್ಟ ಮೇಲೆ.

ಜೋಳ ತೆನೆ ಕಟ್ಟುವ ಹೊತ್ತಿಗೆ ಕುಮ್‌ಅವುಲ್ ಕೆಂಪಾಯಿತು. ನಾನು ತೂಬು ಇಳಿಸಿದೆ. ಬೀಬಿಸಾರಾಳ ಚಿಕ್ಕಮ್ಮ ತಾಜಾಗುಲ್ ಕತ್ತೆಗಾಡಿ ಕಟ್ಟಿಕೊಂಡು ಬಂದಳು.

"ಏನ್ ಒರಾಜ್ ಅಗಾ, ನಮ್ಮೂರ್ ನೀರೆಲ್ಲ ನೀವೇ ಕುಡ್ದ್ರಾ? ಹೊಟ್ಟೆ ನೋಡಿದ್ರೆ ಹಂಗೇ ಕಾಣುತ್ತೆ!"

"ನನ್ನನ್ ಯಾಕಮ್ಮಾ ಬೈತೀಯ? ಕೆಂಪು ಬಳಿದೋಳು ನಿನ್ನ ಅಕ್ಕನ ಮಗಳು. ಅವಳನ್ನೇ ಕೇಳು."

ಫೋನು ಹಚ್ಚಿಕೊಟ್ಟೆ.

"ನಿಮ್ ಪಾಲು ಮುಗೀತು ಚಿಕ್ಕಮ್ಮಾ. ನಮ್ಮೂರು ಅಂತ ಬಿಟ್ರೆ ಮೇಲಿನೋರು ನನ್ನ ಸುಮ್ನೆ ಬಿಡ್ತಾರಾ?"

"ಯಾವಾಗ ಕುಡಿದ್ವಿ, ಓದೇ ಮಹಾರಾಯ್ತಿ. ನಾವೂ ಕೇಳ್ತೀವಿ."

ಅವಳು ಮೊದಲ ಸಾಲಿನಿಂದ ಓದತೊಡಗಿದಳು. ನಾಲ್ಕಾರು ತಾರೀಖು ಓದಿ ನಿಂತುಬಿಟ್ಟಳು.

"ಆಗ... ಜೋಳ ಬಿತ್ತೇ ಇರ್ಲಿಲ್ಲ ಅಲ್ವಾ, ಚಿಕ್ಕಮ್ಮಾ? ಇದು ಉಪ್ಪು ತೊಳೆದ ನೀರು."

ಕುಮ್‌ಅವುಲ್‌ನ ಮೊದಲ ದಿನವನ್ನು ಬಿತ್ತನೆಗೆ ಸರಿಸಿದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೆಂಪು ಹೋಯಿತು. ಮೇಲಧಿಕಾರಿ ಎದುರು ಮಾತಾಡದೆ ಒಪ್ಪಿದ. "ಎತ್ತಿ ಅಗಾ, ತೂಬು ಎತ್ತಿ!" ಎಂದು ಅವಳು ಫೋನಿನಲ್ಲಿ ಕೂಗಿದಳು.

ಎತ್ತಿದೆ. ಕೆಸರು ತೊಟ್ಟಿಕ್ಕಿತು, ಅಷ್ಟೇ. ಕುಮ್‌ಅವುಲ್‌ಗೆ ಇನ್ನು ಬೇಡವೆಂದು ಕಚೇರಿಯಲ್ಲಿ ಆ ಹಳೆಯ ಮೊತ್ತವನ್ನೇ ನಂಬಿ, ಕಾಲುವೆಯ ನೀರನ್ನೆಲ್ಲ ಮೇಲಿನ ಊರುಗಳ ಭತ್ತಕ್ಕೆ ತಿರುಗಿಸಿ ಆಗಿತ್ತು.

"ಗದ್ದೆ ಕುಡಿದದ್ದನ್ನ ನಿನ್ ಕಂಪ್ಯೂಟರು ಕಕ್ಕಿಸುತ್ತೇನಮ್ಮಾ?" ಎಂದನಂತೆ ಮೇಲಧಿಕಾರಿ.

ನದಿಗೆ ಮತ್ತೆ ನೀರು ಬರುವವರೆಗೆ ಜೋಳ ಕಾಯಲಿಲ್ಲ. ತೆನೆಗಳು ಜೊಳ್ಳಾದವು. ಬೀಬಿಸಾರಾ ರಜೆ ಹಾಕಿ ಊರಿಗೆ ಬಂದಾಗ ಜನ ದಂಟನ್ನಾದರೂ ದನಕ್ಕೆ ಉಳಿಸೋಣವೆಂದು ಕೊಯ್ಯುತ್ತಿದ್ದರು. ಯಾರೂ ಅವಳನ್ನು ಬೈಯಲಿಲ್ಲ, ಚಹಾಕ್ಕೂ ಕರೆಯಲಿಲ್ಲ. ತಾಜಾಗುಲ್ ಒಂದು ಕುಡುಗೋಲು ಕೊಟ್ಟಳು.

"ಎಲ್ಲಿಂದ ಶುರು ಮಾಡ್ಲಿ ಚಿಕ್ಕಮ್ಮಾ?"

"ಎಲ್ಲಿಂದಾದ್ರೂ ಮಾಡು. ಎಲ್ಲಾ ಒಣಗಿದೆ."