ತೊಲ್ಲೆ ಬ್ಯಾಂಡಿನ ಎರಡು ಚರಣ

ಸೆಲ್ವಕುಮಾರನಿಗೆ ಸಂಗೀತ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಸಿಕ್ಕವರಿಗೆಲ್ಲ ಅವನೂ ಮೊದಲು ಹೇಳುವುದು ಇದನ್ನೇ. ತಮಿಳುನಾಡಿನ ಶಂಕಗಿರಿಯ ಲಾರಿ ಬುಕಿಂಗ್ ಆಫೀಸೊಂದರಲ್ಲಿ ಅವನ ಕೆಲಸ. ಕೆಲಸ ಅಂದರೆ ಬೈಸಿಕೊಳ್ಳುವುದು. ಸರಕು ಕಳಿಸಿದವನು ಲಾರಿ ಯಾಕೆ ಇನ್ನೂ ಬರಲಿಲ್ಲ ಅಂತ ಬೈಯುತ್ತಾನೆ, ಎಲ್ಲಿದ್ದೀಯಾ ಅಂತ ಕೇಳಿದರೆ ಡ್ರೈವರು ಬೈಯುತ್ತಾನೆ. ಇಬ್ಬರಿಗೂ ಸೆಲ್ವಕುಮಾರ್ "ಸರಿ ಅಣ್ಣಾ" ಅನ್ನುತ್ತಾನೆ. ಸಂಬಳ ಬರುವುದು ಆ ಎರಡು ಮಾತಿಗೇ ಅಂತ ಅವನ ನಂಬಿಕೆ.

ಇಂಥವನು ರಾಕ್ ಬ್ಯಾಂಡಿಗೆ ಸೇರಿದ್ದು ಹೀಗೆ. ಎಡಪ್ಪಾಡಿಯ ನೇಕಾರರ ಬೀದಿಯಲ್ಲಿ ಅವನ ಮನೆ. ಹಿತ್ತಿಲಲ್ಲಿ ಅಪ್ಪ ರಾಜಗೋಪಾಲರ ಪವರ್‌ಲೂಮ್ ಶೆಡ್ಡು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಶೆಡ್ಡಿನಲ್ಲಿ ಮಾತ್ರ ಯಾವ ಭಾಷೆಯೂ ಇಲ್ಲ, ಬರೀ ಕೈಸನ್ನೆ. ಅಷ್ಟು ಮಗ್ಗ ಒಟ್ಟಿಗೆ ಓಡುವಾಗ ಮಾತು ಯಾರಿಗೆ ಕೇಳಬೇಕು? ಆ ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದ ಭೂಪತಿ ಒಂದು ದಿನ, ಬಾಗಿಲು ಹಾಕಿದ ಮದುವೆ ಆರ್ಕೆಸ್ಟ್ರಾದವರಿಂದ ಹಳೇ ಡ್ರಮ್ ಸೆಟ್ ಹೊತ್ತು ತಂದ. ಕೊಸರಿಗೆ ಅವರೊಂದು ಬೇಸ್ ಗಿಟಾರನ್ನೂ ಕೊಟ್ಟಿದ್ದರು. ಗಿಟಾರ್ ಕೊಸರು, ಅದನ್ನು ಹಿಡಿದ ಸೆಲ್ವಕುಮಾರ್ ಇನ್ನೊಂದು ಕೊಸರು. ಹಾಡುವುದಕ್ಕೆ ಅವನ ಚಿಕ್ಕಪ್ಪನ ಮಗಳು ಜೀವಿತಾ ಬಂದಳು. ಸೇಲಂನ ಸೀರೆ ಅಂಗಡಿಯಲ್ಲಿ ದಿನವಿಡೀ "ವಾಂಗ ಅಕ್ಕಾ" ಅಂತ ಕರೆದು ಕರೆದು ಅವಳ ಗಂಟಲು ಹದವಾಗಿತ್ತು.

ಶೆಡ್ಡಿನ ಮೂಲೆಯಲ್ಲಿ, ನೂಲಿನ ಮೂಟೆಗಳ ಹಿಂದೆ, ಸಂಜೆ ಪ್ರಾಕ್ಟೀಸು. ಎದುರು ಮನೆಯ ರಾಮಕ್ಕಜ್ಜಿಗೆ ಜೀವಮಾನವೆಲ್ಲ ಮಗ್ಗದ ಸದ್ದು ತೊಂದರೆ ಕೊಟ್ಟಿರಲಿಲ್ಲ, ಇದು ಕೊಟ್ಟಿತು.

"ಏನ್ ಲಾ ಇದು ತೊಲ್ಲೆ! ಸಾಯಾಕೂ ಬಿಡಕಿಲ್ವಲ್ಲ ನೀವು!"

"ನಿಧಾನಕ್ಕೆ ಸಾಯವ್ವಾ, ಏನು ಅರ್ಜೆಂಟು?" ಅಂದ ಭೂಪತಿ.

ತೊಲ್ಲೆ ಅಂದರೆ ತಮಿಳಿನಲ್ಲಿ ಕಾಟ. ಬ್ಯಾಂಡಿಗೆ ಅದೇ ಹೆಸರಾಯಿತು.

ಆ ಬ್ಯಾಂಡಿನ ಸದ್ದು ಹೇಗಿತ್ತು ಅಂತ ಕೇಳಿದರೆ, ಬ್ಯಾಂಡನ್ನೂ ಮಗ್ಗವನ್ನೂ ಬೇರೆ ಬೇರೆಯಾಗಿ ಕೇಳಿದವರೇ ಇಲ್ಲ. ಕರೆಂಟ್ ಇದ್ದರೆ ಮಗ್ಗವೂ ಓಡುತ್ತಿತ್ತು, ಆಂಪ್ಲಿಫೈಯರೂ ಓಡುತ್ತಿತ್ತು. ಕರೆಂಟ್ ಹೋದರೆ ಎರಡೂ ಒಟ್ಟಿಗೇ ಬಾಯಿ ಮುಚ್ಚುತ್ತಿದ್ದವು. ಮಗ್ಗ ನಿಲ್ಲುವುದು ಅಮಾವಾಸ್ಯೆಗೆ. ಆ ದಿನ ನೇಕಾರರು ನೂಲು ಮುಟ್ಟುವುದಿಲ್ಲ. ಅಂದಾದರೂ ಸದ್ದಿಲ್ಲದ ಶೆಡ್ಡಿನಲ್ಲಿ ಬಾರಿಸೋಣ ಅಂತ ಗಿಟಾರ್ ಎತ್ತಿಕೊಂಡರೆ ಸೆಲ್ವಕುಮಾರನ ಅವ್ವ ಪಾಪಾತಿ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತು ಅಮಾಸೆ. ಮಡಗು ಅದ್ನ."

"ಇದು ಗಿಟಾರವ್ವಾ, ಮಗ್ಗ ಅಲ್ಲ."

"ಎಳೆ ಐತಾ ಇಲ್ವಾ? ಬಿಗಿಯಾಗಿ ಎಳ್ದು ಕಟ್ಟವ್ರಾ ಇಲ್ವಾ? ಅಂಗಾರೆ ಮಗ್ಗಾನೇ. ಮಡಗು."

ಗಿಟಾರ್ ಮತ್ತೆ ಮೂಟೆಗಳ ಹಿಂದಕ್ಕೆ ಹೋಯಿತು. ಹಾಗಾಗಿ ತೊಲ್ಲೆ ಬ್ಯಾಂಡು ಒಂದು ಸಲವೂ ನಿಶ್ಶಬ್ದದಲ್ಲಿ ಬಾರಿಸಲಿಲ್ಲ. ಭೂಪತಿಯ ತಾಳಕ್ಕೆ ಪಕ್ಕದ ಮಗ್ಗದ ಲಾಳಿ ಆಸರೆ. ಜೀವಿತಾ ಹಾಡುವುದಕ್ಕಿಂತ ಹೆಚ್ಚಾಗಿ ಕೂಗುತ್ತಿದ್ದಳು. ಸೆಲ್ವಕುಮಾರ್ ಏನು ಬಾರಿಸುತ್ತಿದ್ದನೋ ಅವನಿಗೂ ಕೇಳುತ್ತಿರಲಿಲ್ಲ, ಬೆರಳಿಗೆ ತಾಕಿದ್ದಷ್ಟೇ ಲೆಕ್ಕ.

ಅವರ ಸ್ವಂತದ್ದು ಅಂತ ಇದ್ದದ್ದು ಒಂದೇ ಹಾಡು, ಮನೆಯ ಮಾತಿನಲ್ಲಿ. ಮೂವರಿಗೂ ಕನ್ನಡ ಅಕ್ಷರ ಬಾರದು, ತಮಿಳು ಅಕ್ಷರದಲ್ಲೇ ಬರೆದುಕೊಂಡಿದ್ದರು. ಮೂರು ಚರಣದಲ್ಲಿ ಮೊದಲನೆಯದು ಹೀಗೆ:

ಬಾಗ್ಲು ಮುಚ್ಚಿದ್ರೆ ಕಿಟ್ಕೀಲಿ ಬತ್ತೀವಿ,
ಕಿಟ್ಕಿ ಮುಚ್ಚಿದ್ರೆ ಎಂಚು ತೆಗ್ದು ಬತ್ತೀವಿ,
ಬ್ಯಾಡ ಅಂತ ನೀನಂದ್ರೆ
ಇನ್ನೊಂದ್ಸಲ ಬತ್ತೀವಿ.

ಸೇಲಂನ ಒಂದು ಕಲ್ಯಾಣ ಮಂಟಪದಲ್ಲಿ ಬ್ಯಾಂಡುಗಳ ಸ್ಪರ್ಧೆ ಅಂತ ಗೊತ್ತಾದಾಗ ಮೂವರೂ ಹೆಸರು ಕೊಟ್ಟು ಹಾಡನ್ನೂ ಕಳಿಸಿದರು. ಆ ಒಂದು ಹಾಡನ್ನು ಒಮ್ಮೆ ನಿಜವಾದ ವೇದಿಕೆಯಲ್ಲಿ ಹಾಡಬೇಕು, ಬೇರೇನೂ ಬೇಡ ಅಂತ ಜೀವಿತಾಳ ಹಟ. ಸ್ಪರ್ಧೆ ನಡೆಸುವ ಗೋವಿಂದನ್ ಫೋನ್ ಮಾಡಿದ.

"ತಂಬಿ, ಹಾಡು ತಮಿಳಲ್ಲಿರಬೇಕು, ಇಲ್ಲಾಂದ್ರೆ ಇಂಗ್ಲಿಷು. ಇದು ಮನೇಲಿ ಆಡೋ ಮಾತು. ಸೇಲಂನಲ್ಲಿ ಇದನ್ನ ಕೂತು ಕೇಳೋರ್ಯಾರು?"

"ಸರಿ ಅಣ್ಣಾ," ಅಂದ ಸೆಲ್ವಕುಮಾರ್. ಅಭ್ಯಾಸಬಲ. ಅಷ್ಟು ಸಾಲದು ಅಂತ ಆಫೀಸಿನಲ್ಲಿ ಕೂತು, ಎರಡು ಬೈಗುಳದ ನಡುವೆ, ಹಾಡನ್ನು ತಾನೇ ತಮಿಳಿಗೆ ತಿರುಗಿಸಿದ. ಮಾಡಿನ ಎಂಚು ಎಲ್ಲೋ ಬಿದ್ದುಹೋಯಿತು, ಅದರ ಜಾಗಕ್ಕೆ ಆಕಾಶ ಬಂತು. ಓದಿದ ಜೀವಿತಾ ಅವನ ಮುಖವನ್ನೇ ನೋಡಿದಳು.

"ಅಣ್ಣಾ, ನಾವು ಯಾವಾಗ ಆಕಾಶ್ದಲ್ಲಿ ಬಂದಿದ್ವು?"

"ಒಂದ್ಸಲ ವೇದಿಕೆ ಮೇಲೆ ಅತ್ತಾನ. ಆಮೇಲೆ ನೋಡ್ಕಳಾನ."

"ನೀನು ನೋಡ್ಕಂಡೆ, ಬಿಡು," ಅಂದಳು. ಆದರೂ ಬಾಯಿಪಾಠ ಮಾಡಿದಳು.

ಸ್ಪರ್ಧೆಯ ದಿನ, ಮಧ್ಯಾಹ್ನದ ಊಟಕ್ಕೆ ಮುಂಚೆ, ಎಲ್ಲರಿಗಿಂತ ಕೊನೆಗೆ ಅವರ ಸರದಿ. ಪರದೆ ಸರಿಯಿತು, ಸಭೆ ಸುಮ್ಮನಾಯಿತು. ಅವರಿಗೆ ಆದ ಅನಾಹುತವೇ ಅದು. ಕಿವಿಗೆ ಏನೂ ಇಲ್ಲ! ಫ್ಯಾನ್ ತಿರುಗುವುದು ಬಿಟ್ಟರೆ ಒಂದು ಸದ್ದಿಲ್ಲ. ಭೂಪತಿ ಕೋಲು ಎತ್ತಿದ, ಹೊಡೆದ, ಕತ್ತು ಹೊರಳಿಸಿ ಪಕ್ಕಕ್ಕೆ ನೋಡಿದ. ಮಗ್ಗ ಇರಬೇಕಾದ ಕಡೆ ಪ್ಲಾಸ್ಟಿಕ್ ಹೂವಿನ ಕುಂಡ ನಿಂತಿತ್ತು. ಅವನ ತಾಳ ಒಮ್ಮೆ ಓಡಿತು, ಒಮ್ಮೆ ಕುಂಟಿತು. ಸೆಲ್ವಕುಮಾರನಿಗೆ ತನ್ನ ಗಿಟಾರ್ ಮೊಟ್ಟಮೊದಲ ಬಾರಿಗೆ ಸ್ಪಷ್ಟವಾಗಿ ಕೇಳಿಸಿತು, ಕೇಳಿಸದಿದ್ದರೇ ಚೆನ್ನಾಗಿತ್ತು. ಜೀವಿತಾಳ ತಮಿಳು ಆಕಾಶ ಅರ್ಧ ಸಾಲಿಗೇ ಕೆಳಗೆ ಬಿತ್ತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು.

ಜೀವಿತಾ ಕೈ ಎತ್ತಿದಳು. "ನಿಲ್ಸು ಭೂಪತಿಯಣ್ಣಾ."

ಮೈಕಿನಲ್ಲೇ ಅಂದದ್ದರಿಂದ ಅದು ಇಡೀ ಮಂಟಪಕ್ಕೆ ಕೇಳಿತು. "ಇದು ನಮ್ದಲ್ಲ. ನಮ್ ಮನೇಲಿ ಆಡಂಗೆ ಆಡಾನ. ನನ್ ಬಾಯಿ ನೋಡ್ಕಂಡು ಒಡಿ."

ಕಾಲಿನಿಂದ ಹಲಗೆಯ ಮೇಲೆ ನಾಲ್ಕು ಸಲ ಗುದ್ದಿ ಶುರು ಮಾಡಿದಳು. ಬಾಗ್ಲು ಮುಚ್ಚಿದ್ರೆ. ಭೂಪತಿಗೆ ಹಿಡಿದುಕೊಳ್ಳುವುದಕ್ಕೆ ಈಗೊಂದು ಗಂಟಲು ಸಿಕ್ಕಿತು. ಅವಳು ಉಸಿರು ಎಳೆದಲ್ಲಿ ಅವನು ನಿಂತ, ಉಗುಳಿದಲ್ಲಿ ಹೊಡೆದ. ಸೆಲ್ವಕುಮಾರ್ ಭೂಪತಿಯ ಹಿಂದೆ, ಎಂದಿನಂತೆ ಒಂದು ಹೆಜ್ಜೆ ತಡವಾಗಿ. ಹಾಡು ಎದ್ದು ನಡೆಯಿತು, ನಡೆದದ್ದು ಓಡಿತು.

ಮೊದಲ ಚರಣ ಮುಗಿಯುವಷ್ಟರಲ್ಲಿ ಗೋವಿಂದನ್ ಸೌಂಡಿನವನಿಗೆ ಸನ್ನೆ ಮಾಡಿದ. ಮೈಕ್ ಸತ್ತಿತು, ಗಿಟಾರ್ ಸತ್ತಿತು. ಜೀವಿತಾ ಸಾಯಲಿಲ್ಲ. ಓಡುವ ಮಗ್ಗಗಳ ಮೇಲೆ ಕೂಗಿ ಬೆಳೆದ ಗಂಟಲಿಗೆ ಫ್ಯಾನುಗಳ ಮಂಟಪ ಯಾವ ಲೆಕ್ಕ? ಅವಳು ಆ ಚರಣ ಮುಗಿಸಿಯೇ ಬಿಟ್ಟಳು, ಕೊನೆಗೆ ಪರದೆಯನ್ನೇ ಎಳೆದರು.

ಪರದೆಯ ಹಿಂದೆ ಗೋವಿಂದನ್ ಕೆಂಪಾಗಿ ಬಂದ. "ಎನ್ನಪ್ಪಾ ಇದು? ಸ್ಪರ್ಧೆಯಿಂದ ನೀವು ಔಟು. ಇನ್ನು ಈ ಜಿಲ್ಲೇಲಿ ಯಾರೂ ನಿಮ್ಮನ್ನ ವೇದಿಕೆ ಹತ್ತಿಸಲ್ಲ. ಎಲ್ಲಾ ಎತ್ಕೊಂಡು ಹೊರಡಿ. ಜನ ಊಟಕ್ಕೆ ಹೋಗ್ತಾವ್ರೆ."

ಜೀವಿತಾ, ಭೂಪತಿ ಇಬ್ಬರೂ ಸೆಲ್ವಕುಮಾರನ ಕಡೆ ನೋಡಿದರು. ಬೈಸಿಕೊಳ್ಳುವ ಇಲಾಖೆ ಅವನದೇ ಅಲ್ಲವೇ?

"ಅಣ್ಣಾ," ಅಂದ ಸೆಲ್ವಕುಮಾರ್. "ಊಟದ ಮನೆ ಎಲ್ಲೈತೆ?"

"ಕೆಳಗೆ. ಊಟ ಮಾಡ್ಕೊಂಡು ಹೋಗಿ, ಬೇಡ ಅನ್ನಲ್ಲ."

"ಊಟ ಬ್ಯಾಡ. ಇನ್ನೂ ಎರಡು ಚರಣ ಬಾಕಿ ಐತೆ."

ಗೋವಿಂದನಿಗೆ ಅರ್ಥವಾಗುವ ಮೊದಲೇ ಭೂಪತಿ ಚಿಕ್ಕ ಡ್ರಮ್ಮನ್ನು ಕಂಕುಳಿಗೆ ಸಿಕ್ಕಿಸಿಕೊಂಡಿದ್ದ. ಕೆಳಗೆ ಉದ್ದುದ್ದ ಮೇಜುಗಳ ಮೇಲೆ ಎಲೆ ಹಾಕಿ ಜನ ಕೂತಾಗಿತ್ತು. ಎರಡು ಸಾಲಿನ ನಡುವೆ ಭೂಪತಿ ಡ್ರಮ್ ಇಟ್ಟ. ಸಾಂಬಾರಿನ ಬಕೆಟ್ ಹಿಡಿದವನು "ತಳ್ಳಿ ನಿಲ್ಲುಂಗ ತಂಬಿ" ಅಂದ. ಯಾರೂ ಸರಿಯಲಿಲ್ಲ. ಅವನೇ ಸುತ್ತಿ ಬಳಸಿ ಹೋದ.

ಜೀವಿತಾ ಎರಡನೇ ಚರಣ ಎತ್ತಿಕೊಂಡಳು. ಅನ್ನ ಕಲಸುತ್ತಿದ್ದ ಕೈಗಳು ನಿಂತವು. ಒಬ್ಬರು ಮುಖ ಸಿಂಡರಿಸಿದರು, ಒಬ್ಬ ಮುದುಕಿ ಪಕ್ಕದವಳಿಗೆ ಏನೋ ಹೇಳಿ ನಕ್ಕಳು, ಕೆಲವರು ಫೋನ್ ಎತ್ತಿದರು. ಮೆಟ್ಟಿಲ ಮೇಲಿಂದ ಗೋವಿಂದನ್ "ನಿರುತ್ತುಂಗ, ನಿಲ್ಲಿಸಿ!" ಅಂತ ಕೂಗುತ್ತಿದ್ದ. ವೈರಿಲ್ಲದ ಗಿಟಾರನ್ನು ಗೋಡೆಗೆ ಒರಗಿಸಿ ಬಂದಿದ್ದ ಸೆಲ್ವಕುಮಾರನಿಗೆ ಕೈಯಲ್ಲಿ ಮಾಡುವ ಕೆಲಸವೇ ಇರಲಿಲ್ಲ. ಬಾಯಿ ತೆರೆದ. ಹುಟ್ಟಿದಾಗಿನಿಂದ ನಾಲ್ಕು ಜನರೆದುರು ಹಾಡಿದವನಲ್ಲ. ಶ್ರುತಿ ಎಲ್ಲೋ, ಅವನೆಲ್ಲೋ.

"ಲೇ, ಮೇಲೆ ಓಯ್ತಾ ಐತೆ, ಇಳ್ಸು!" ಅಂದ ಭೂಪತಿ, ಹೊಡೆಯುವುದನ್ನು ನಿಲ್ಲಿಸದೆ.

ಸೆಲ್ವಕುಮಾರ್ ಇಳಿಸಲಿಲ್ಲ. ಎಲೆಗಳ ಮೇಲೆ ರಸಂ ಬಂತು, ಮಜ್ಜಿಗೆ ಬಂತು. ಮೂರನೇ ಚರಣವೂ ಮುಗಿಯುವುದು "ಇನ್ನೊಂದ್ಸಲ ಬತ್ತೀವಿ" ಅಂತಲೇ, ಆ ಸಾಲನ್ನು ಮೂವರೂ ಎರಡು ಸಲ ಹಾಡಿದರು.